ಗ್ಯಾನಪ್ಪನ ರೀಲು

ಮಾಳಿಂಗರಾಯ ರೀಲಿನ ಸ್ಕ್ರೂ ತಲೆಯ ಮೇಲೆ ಮತ್ತೆ ನಾಲ್ಕು ಹನಿ ಡೀಸೆಲ್ ಬಿಟ್ಟು ಮೆಲ್ಲಗೆ ತಟ್ಟಿದ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಅಪ್ಪನ ಹೆಣ ಅವನ ಕೈಯನ್ನೇ ನೋಡುತ್ತಿರುವಂತಿತ್ತು.

"ಹೆಣ ಮುಂದಿಟ್ಕೊಂಡು ರಿಪೇರಿ ಮಾಡಾಕತ್ತೀರಲ್ರಿ," ಎಂದಳು ಹೆಂಡತಿ ರೇಣುಕಾದೇವಿ. "ಇದೇನು ಪಂಪ್‌ಸೆಟ್ಟಾ?"

"ಮಾವನ್ನ ಕೇಳು."

ಸೋದರಮಾವ ಬಸ್ಸಪ್ಪ ಬೆಳಗಿನಿಂದ ಮನೆಯ ಗಂಟುಗಳನ್ನೆಲ್ಲ ಬಿಚ್ಚಿಸುತ್ತಿದ್ದ. ಅವರ ಮನೆತನದ ಪದ್ಧತಿ ಅದು. ಸತ್ತವನ ಕೈಯಾಡಿದ ವಸ್ತು ಬಿಗಿದೇ ಉಳಿದರೆ ಜೀವ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಟ್ರಂಕಿನ ಬೀಗ ತೆಗೆದಾಗಿತ್ತು, ಕಂಬಳಿಯ ಗಂಟು ಬಿಚ್ಚಿಯಾಗಿತ್ತು, ಉಡದಾರ ಹರಿದಾಗಿತ್ತು. ಉಳಿದದ್ದು ಗಾಳದ ಈ ಹಿತ್ತಾಳೆ ರೀಲು. ಅಪ್ಪ ಗ್ಯಾನಪ್ಪ ಹಾಸಿಗೆ ಹಿಡಿದ ಎರಡು ವರ್ಷದಿಂದ ಗೂಟಕ್ಕೆ ನೇತಾಡಿ, ಕಿಲುಬು ಕಟ್ಟಿ, ತಿರುಗುವುದನ್ನೇ ಮರೆತಿತ್ತು.

"ಮೂವತ್ತೈದು ವರ್ಷ ಬಳಗಾನೂರು ಕಾಲುವಿ ಮ್ಯಾಲ ಕುಂತ ನಮ್ಮ ಭಾವ," ಎಂದ ಬಸ್ಸಪ್ಪ. "ಒಂದು ಮೀನು ಮನೀಗೆ ತಂದಾನೇನು? ಮೀನs ಇವನ್ನ ನೋಡಿ ನಕ್ಕಿರಬೇಕು."

ಅಳುತ್ತಿದ್ದ ಹೆಂಗಸರೂ ಸೆರಗಿನಲ್ಲಿ ನಕ್ಕರು.

*

ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿಯೊಬ್ಬನಿಗೆ ಟಗರುಮರಿ ಕೊಟ್ಟು ಗ್ಯಾನಪ್ಪ ಆ ರೀಲು ತಂದಾಗ ಮಾಳಿಂಗರಾಯನಿಗೆ ಒಂಬತ್ತು ವರ್ಷ. ಹಿಂದಿನ ಮಳೆಗಾಲದಲ್ಲಿ ಅವ್ವ ಯಮನಮ್ಮ ಬಟ್ಟೆ ಒಗೆಯಲು ಕಾಲುವೆಗೆ ಹೋದವಳು ಮರಳಿರಲಿಲ್ಲ. ಯಾರದೋ ಜೊತೆ ಓಡಿಹೋದಳೆಂದು ಊರು ತೀರ್ಮಾನಿಸಿತ್ತು. ಗ್ಯಾನಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತಾಗ, ಕೆಸರಿನಲ್ಲಿ ಬಗ್ಗಿ ಏನನ್ನೋ ಹೆಕ್ಕಿ ಮುಷ್ಟಿ ಮುಚ್ಚಿದ.

"ಏನ್ ಸಿಕ್ತಪ್ಪ?"

"ಏನಿಲ್ಲಲೇ. ಹಳ್ಳು, ಸಣ್ಣ ಕಲ್ಲು."

ಮರುವಾರವೇ ರೀಲು ಮನೆಗೆ ಬಂದದ್ದು. ಕಾಲುವೆಗೆ ಮತ್ತೆ ನೀರು ಬಿಟ್ಟ ದಿನದಿಂದ ಸಂಜೆಯಾದರೆ ಅವನು ಕಟ್ಟೆಯ ಮೇಲಿರುತ್ತಿದ್ದ. ಗಾಳಕ್ಕೆ ಹುಳ ಸಿಕ್ಕಿಸುತ್ತಿರಲಿಲ್ಲ. ಹಿಡಿಕೆ ತಿರುಗಿಸುವನು: ಟಿಕ್, ಟಿಕ್, ಟಿಕ್. ನಿಲ್ಲಿಸಿ ಕಿವಿಗೊಡುವನು. ಮತ್ತೆ ಮೂರು.

*

ಸ್ಕ್ರೂ ಕೊನೆಗೂ ಅಲುಗಿತು. ಮಾಳಿಂಗರಾಯ ಹಲ್ಲುಚಕ್ರ ತೊಳೆದು, ಎಣ್ಣೆ ಬಿಟ್ಟು, ದಾರ ಎಳೆಯತೊಡಗಿದ. ದಾರ ಅಂಗಳ ದಾಟಿ ಓಣಿಗೆ ಹೋಯಿತು. ಮೇಲಿನ ಸುತ್ತುಗಳು ಒಣಗಿ ಸಿಬಿರೆದ್ದಿದ್ದವು. ಒಳಗಿನವು ಒದ್ದೆಯಾಗಿದ್ದವು. ನೀರು ಅವನ ಮೊಣಕೈವರೆಗೆ ಇಳಿಯಿತು.

"ಡೀಸೆಲ್ ಇರಬೇಕು ಬಿಡ್ರಿ," ಎಂದು ರೇಣುಕಾದೇವಿ ಬೆರಳು ಅದ್ದಿ ಮೂಸಿದಳು. ಕಾಲುವೆಯ ಕೆಸರಿನ ವಾಸನೆ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಕಡೆಯ ಸುತ್ತಿನ ಕೆಳಗೆ, ನಡುದಂಡಕ್ಕೆ ಬಿಗಿದು ಕಟ್ಟಿದ್ದು ಒಂದು ಬೆಳ್ಳಿ ಕಾಲುಂಗುರ. ಮೀನಿನ ಆಕಾರದ್ದು.

ಬಸ್ಸಪ್ಪ ಅದನ್ನು ಹೆಬ್ಬೆರಳಿನಿಂದ ಉಜ್ಜಿದ. "ತಂಗಿ ಲಗ್ನಕ್ಕ ಲಿಂಗಸುಗೂರು ಪತ್ತಾರನ ಕಡೆ ನಾನs ಮಾಡಿಸಿದ್ದು. ಬಾಲ ಸೊಟ್ಟ ಮಾಡಿದಿ ಅಂತ ಜಗಳ ತೆಗದಿದ್ದೆ." ಅಲ್ಲೇ ನೆಲಕ್ಕೆ ಕುಳಿತ. "ಆಕಿ ಓಡಿಹೋಗಿಲ್ಲೋ. ಕಾಲುವಿ ನುಂಗೇತಿ. ನಾ ಇಷ್ಟು ವರ್ಷ ಆಕಿ ಹೆಸರು ಎತ್ತಲಿಲ್ಲ."

ಮಾಳಿಂಗರಾಯ ಹೆಣದ ಕಡೆ ತಿರುಗಿದ. "ಹಳ್ಳು ಅಂದಿದ್ದಿ. ಓಡಿಹೋದಾಕಿ ಮಗ ಅಂತ ಸಾಲ್ಯಾಗ ಬೈಸ್ಕೊಂಡು ಅಳಕೋತ ಬರ್ತಿದ್ದೆ. ಇದು ನಿನ್ನ ಕೈಯಾಗ ಇತ್ತಲ್ಲಪ್ಪ."

"ಹೇಳಿದ್ರ ಮಣ್ಣು ಕೊಡಬೇಕಾಗ್ತಿತ್ತು," ಎಂದ ಬಸ್ಸಪ್ಪ. "ಮಣ್ಣು ಕೊಟ್ರ ಮುಗೀತು. ಮುಗಿಸಾಕ ಮನಸಿರಲಿಲ್ಲ ಅವಗ."

ಉಂಗುರದ ಗಂಟು ಇನ್ನೂ ಹಾಗೇ ಇತ್ತು. ಮಾಳಿಂಗರಾಯ ಅದನ್ನೇ ನೋಡುತ್ತ ನಿಂತ. ಆಮೇಲೆ ಹಲ್ಲಿನಿಂದ ಕಚ್ಚಿ ಬಿಚ್ಚಿದ.

"ಕುಣಿ ತೋಡೋರಿಗೆ ಫೋನ್ ಹಚ್ಚು ಮಾವ," ಎಂದ. "ಇನ್ನೊಂದು ಮೊಳ ಅಗಲ ಮಾಡ್ಲಿ. ಇಬ್ಬರು ಅದಾರ."

*

ಮಣ್ಣು ಮುಗಿಸಿ ಎಲ್ಲರೂ ಸ್ನಾನಕ್ಕೆ ಕಾಲುವೆಗೆ ಇಳಿದರು. ಉಂಗುರ ಗ್ಯಾನಪ್ಪನ ಅಂಗೈಯಲ್ಲೇ ಮಣ್ಣು ಸೇರಿತ್ತು. ಬರಿದಾದ ರೀಲನ್ನು ಕಟ್ಟೆಯ ಮೇಲಿಟ್ಟು ಮಾಳಿಂಗರಾಯ ತಲೆ ಮುಳುಗಿಸಿದ. ಮೇಲೆದ್ದಾಗ ಸೊಂಟಮಟ ನೀರಿನಲ್ಲಿದ್ದ ಬಸ್ಸಪ್ಪ ಕೈ ಎತ್ತಿ ನಿಂತಿದ್ದ.

"ಸುಮ್ನಿರ್ರಿ ಒಂದೀಟು."

ಗಾಳಿ ಇರಲಿಲ್ಲ. ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ರೀಲಿನ ಹಿಡಿಕೆ ದಾರ ಸುತ್ತಿಕೊಳ್ಳುವ ದಿಕ್ಕಿಗೆ ತಿರುಗಿತು: ಟಿಕ್, ಟಿಕ್, ಟಿಕ್. ಕಿವಿಗೊಟ್ಟಂತೆ ನಿಂತಿತು.

ಬಟ್ಟೆ ಒಗೆಯುವ ಒಣ ಮೆಟ್ಟಿಲ ಮೇಲೆ, ನೀರಿನಂಚಿನಲ್ಲಿ, ಹೆಂಗಸಿನ ಸಣ್ಣ ಪಾದದ ಒದ್ದೆ ಗುರುತೊಂದು ಮೂಡಿತು.

ಮತ್ತೆ ಮೂರು ಟಿಕ್. ಮೇಲಿನ ಮೆಟ್ಟಿಲ ಮೇಲೆ ಇನ್ನೊಂದು.