ಮಾಯಾಳಿಗೆ ಸಿಕ್ಕ ಅವ್ವ

ಕುರಿ ಹೊಡೆದುಕೊಂಡು ದೂರ ಹೋಗುವ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ. ಸಾಲಿಗೆ ಹೋಗುವ ಮಕ್ಕಳನ್ನು ಯಾರ ಮನೆಯಲ್ಲಿ ಬಿಡುವುದು? ಕಮತಗಿ ಹತ್ತಿರದ ಊರಿನ ಮುತ್ತಪ್ಪನಿಗೆ ಆ ಚಿಂತೆ ಇರಲಿಲ್ಲ. ಕುಳಗೇರಿ ಕ್ರಾಸಿನಲ್ಲಿ ಅವನ ಅಕ್ಕನ ಮನೆ ಇತ್ತು. ಅಕ್ಕನ ಗಂಡ ಮಕ್ಕಳಿಗೆ ಮಾಮಾ. ಹೋದ ವರ್ಷ ಮಗಳು ಸುಧಾರಾಣಿ ಅಲ್ಲೇ ಇದ್ದು ಮೂರನೆಯ ತರಗತಿ ಮುಗಿಸಿದ್ದಳು.

ಈ ವರ್ಷ ಹುಡುಗಿ ಹಟ ಹಿಡಿದಳು. "ನಾ ಮಾಮಾನ ಮನಿಗೆ ಒಲ್ಲೆ."

"ಯಾಕ?" ಎಂದಳು ಅವಳ ಅವ್ವ ಮಹಾದೇವಿ.

ಹುಡುಗಿ ಗೋಡೆಯ ಕಡೆ ತಿರುಗಿ ಕೂತಳು. ಮೊನ್ನೆ ಒಂದು ಕುರಿಮರಿ ಸತ್ತಾಗಿನಿಂದಲೂ ಹುಡುಗಿ ಹೀಗೇ ಮುಖ ಊದಿಸಿಕೊಂಡಿದ್ದಳು.

"ಉಂಡು ತಿಂದು ಸೊಕ್ಕು ಬಂದೈತಿ ನಿನಗ!" ಮಹಾದೇವಿ ಬೆನ್ನಿಗೊಂದು ಗುದ್ದಿ, ಮಗಳ ಅರಿವೆ ಗಂಟು ಕಟ್ಟಿಟ್ಟು, ಸ್ವಸಹಾಯ ಸಂಘದ ಸಭೆಗೆ ಹೊರಟಳು.

ಸಭೆಗೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಆಶಾ ಕಾರ್ಯಕರ್ತೆ ಹುಸೇನಬಿ ಅಲ್ಲಿ ಮಾಯಾಳ ಪುಸ್ತಕ ಓದುತ್ತಿದ್ದಳು. ಮಾಯಾ ಅದೇ ಊರಿನವಳು, ಈಗ ಬಾಗಲಕೋಟೆಯಲ್ಲಿ ಸರ್ಕಾರಿ ನೌಕರಿ. ಚಿಕ್ಕವಳಿದ್ದಾಗ ಸಂಬಂಧಿಕನೊಬ್ಬ ತನ್ನ ಮೇಲೆ ಮಾಡಿದ ಲೈಂಗಿಕ ದೌರ್ಜನ್ಯವನ್ನೂ ತಾನು ಅದರಿಂದ ಎದ್ದು ಬಂದದ್ದನ್ನೂ ಬರೆದಿದ್ದಳು. ಶಾಲು ಹೊದಿಸಿಕೊಂಡ ಅವಳ ಫೋಟೊ ಪೇಪರಿನಲ್ಲಿ ಬಂದಿತ್ತು.

"ಸಾಲ್ಯಾಗ ನನ್ನ ಪಾಟಿ ನೋಡಿ ಲೆಕ್ಕ ಬರೀತಿದ್ಲು," ಎಂದಳು ಮಹಾದೇವಿ ಪಕ್ಕದ ಬೋರವ್ವನ ಕಿವಿಯಲ್ಲಿ. "ಈಗ ಪುಸ್ತಕ ಬರದಾಳಂತ. ಮನಿ ಮಾತು ಬಯಲಿಗಿಟ್ಟು ಶಾಲು ಹೊತ್ತಗೊಂಡಾಳ."

"ನಿನಗೂ ಒಂದು ಶಾಲು ಬೇಕೇನು?" ಬೋರವ್ವ ನಕ್ಕಳು.

"ಸುಮ್ನ ಕೂಡ್ರಿ," ಎಂದು ಗದರಿಸಿ ಹುಸೇನಬಿ ಓದಿದಳು. ಪುಟ್ಟ ಮಾಯಾ ಅವ್ವನಿಗೆ ಎಲ್ಲ ಹೇಳಿದ ದಿನದ ಕಥೆ ಅದು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಮಗಳನ್ನು ಹಿಡಿದುಕೊಂಡು, 'ನಿನ್ನ ತಪ್ಪಲ್ಲವ್ವಾ, ನಾ ನಂಬ್ತೇನಿ' ಎಂದಳು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಅವ್ವ ಅತ್ತ ತಿರುಗಿಯೂ ನೋಡಲಿಲ್ಲ.

ಮಹಾದೇವಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಶಾಲು, ಫೋಟೊ, ನೌಕರಿ ಎಲ್ಲ ಇಟ್ಟುಕೊಳ್ಳಲಿ. ಆದರೆ ಇಂಥ ಅವ್ವ?

"ಅವ್ವ ಅಂಥಾಕಿ ಇದ್ಲು, ಬರದ್ಲು! ಅದರಾಗೇನು ದೊಡ್ಡಸ್ತಿಕಿ?" ಎಂದು ಜೋರಾಗಿ ಅಂದೇಬಿಟ್ಟಳು. "ಎಲ್ಲಾರಿಗೂ ಅಂಥಾ ಅವ್ವ ಸಿಗ್ತಾಳೇನು?"

ಹುಸೇನಬಿ ಪುಸ್ತಕ ಮುಚ್ಚಿದಳು. "ನಿಮ್ಮವ್ವ ನಂಬಲಿಲ್ಲೇನು, ಮಹಾದೇವಿ?"

"ಹೇಳಿದ್ದಕ್ಕ ಬೆನ್ನಿಗೆ ಗುದ್ದಿದ್ಲು."

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಬೆಳಿಗ್ಗೆ ಗುದ್ದಿದ ಕೈ ಮಡಿಲಲ್ಲೇ ಇತ್ತು. ಮಹಾದೇವಿ ಚಪ್ಪಲಿ ಮೆಟ್ಟದೆ ಮನೆಗೆ ಓಡಿದಳು.

ಮಗಳು ಗಂಟಿನ ಪಕ್ಕ ಕೂತಿದ್ದಳು. ಮಹಾದೇವಿ ಗಂಟು ಬಿಚ್ಚಿ ಅರಿವೆಗಳನ್ನು ಒಂದೊಂದಾಗಿ ಗೂಟಕ್ಕೆ ತೂಗುಹಾಕಿದಳು. "ನೀ ಅಲ್ಲಿಗೆ ಹೋಗೂದಿಲ್ಲ. ಹೇಳಿದ್ರೂ ಹೋಗೂದಿಲ್ಲ, ಹೇಳದಿದ್ರೂ ಹೋಗೂದಿಲ್ಲ."

ಗೂಟಕ್ಕೆ ತೂಗಿದ ಅರಿವೆ ನೋಡುತ್ತ ಹುಡುಗಿ ಬಾಯಿಬಿಟ್ಟಳು. "ಹೇಳಿದ್ರ ಕುರಿ ಸಾಯ್ತಾವ. ಬೀರಪ್ಪ ದೇವರು ಸಿಟ್ಟಾಗಿ ರೋಗ ಹಾಕ್ತಾನಂತ ಮಾಮಾ ಹೇಳ್ಯಾನ."

"ಬೀರಪ್ಪ ಕುರಿ ಕಾಯಾವ, ಕೊಲ್ಲಾವಲ್ಲ. ಹೇಳವ್ವಾ."

ಹುಡುಗಿ ಎಲ್ಲ ಹೇಳಿದಳು. ಮಹಾದೇವಿ ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಕೊನೆಗೆ, "ನಿನ್ನ ತಪ್ಪಲ್ಲ. ನಾ ನಂಬ್ತೇನಿ," ಎಂದಳು. ಮಾತು ಮಾಯಾಳ ಅವ್ವನದು. ಆಗ ಹೊಳೆದದ್ದು ಅದೊಂದೇ.

ಸಂಜೆ ಅವಳು ಹುಸೇನಬಿಯನ್ನು ಕರೆತಂದು ಗಂಡನ ಮುಂದೆ ವಿಷಯ ಇಟ್ಟಳು. ಮುತ್ತಪ್ಪ ಸಿಡಿದ. "ಹುಡುಗ್ರು ಏನರ ಅಂತಾವ. ನಮ್ಮ ಅಕ್ಕನ ಸಂಸಾರ ಮುರೀಬೇಕೇನು? ಊರಾಗ ಮಾರಿ ಹೆಂಗ ತೋರಸೂದು?"

"ಮಾರಿ ಮುಚ್ಚಗೋಬೇಕಾದಾವ ಅವ, ನೀವಲ್ರಿ ಅಣ್ಣಾರ," ಎಂದಳು ಹುಸೇನಬಿ. "ಕೂಸಿನ ಹೆಸರು ಯಾರೂ ಹೊರಗ ಹಾಕೂಹಂಗಿಲ್ಲ, ಮಕ್ಕಳ ರಕ್ಷಣೆಗೆ ಪೋಕ್ಸೊ ಕಾಯ್ದೆ ಐತಿ. ಮಹಿಳಾ ಪೊಲೀಸ್ ಅಧಿಕಾರಿ ಖಾಕಿ ಹಾಕ್ಕೊಳ್ದ ನಿಮ್ಮ ಮನಿಗೇ ಬಂದು ಕೇಳ್ತಾರ. ಇವತ್ತ ಸುಮ್ನಾದ್ರ ನಾಳೆ ಅವ ಇನ್ನೊಂದು ಕೂಸಿನ ಮ್ಯಾಲೆ ಕೈ ಹಾಕ್ತಾನ."

"ಆದ್ರೂ ಖರೆ ಅಂತ ಹೆಂಗ..."

"ಹೇಳಿದ್ರ ಕುರಿ ಸಾಯ್ತಾವ ಅಂತ ಹೆದರಿಸ್ಯಾನ್ರಿ ಅವ," ಎಂದಳು ಮಹಾದೇವಿ.

ಮುತ್ತಪ್ಪ ಹೊರಗಿನ ಕುರಿಗಳತ್ತ ನೋಡಿದ. ಮೊನ್ನೆ ಮರಿ ಸತ್ತಾಗ ಹುಡುಗಿ ಅದರ ಕಿವಿ ಹಿಡಿದುಕೊಂಡು, 'ನಾ ಯಾರಿಗೂ ಹೇಳಿಲ್ಲ, ನಾ ಯಾರಿಗೂ ಹೇಳಿಲ್ಲ' ಎಂದು ಅತ್ತಿದ್ದಳು. ಅವನು ಅದನ್ನು ಕೇಳಿ, ಹುಚ್ಚು ಹುಡುಗಿ ಎಂದು ನಕ್ಕಿದ್ದ.

ಅವನು ಜೇಬಿನಿಂದ ಮೊಬೈಲ್ ತೆಗೆದು ಹುಸೇನಬಿಗೆ ಕೊಟ್ಟ. "ಪೊಲೀಸರಿಗೆ ಹಚ್ಚಿ ಕೊಡ್ರಿ. ನಾನ ಮಾತಾಡ್ತೇನಿ."

ಅವನ ಅಕ್ಕ ಇವತ್ತಿಗೂ ಮಾತು ಬಿಟ್ಟಿದ್ದಾಳೆ. ಮಾಮಾನ ಮೇಲೆ ಕೇಸು ನಡೆದಿದೆ. ಮಹಾದೇವಿ ಈ ವರ್ಷ ಕುರಿಯ ಹಿಂದೆ ಹೋಗಲಿಲ್ಲ. ಸುಧಾರಾಣಿ ಊರಿನ ಸಾಲಿಗೇ ಹೋಗುತ್ತಾಳೆ. ಮೊನ್ನೆ ಗೆಳತಿಯರ ಜೊತೆ ಜಗಳವಾಡಿ ಬಂದು, ಸಾಲಿಯ ಸುದ್ದಿಯನ್ನೆಲ್ಲ ಅವ್ವನ ಮುಂದೆ ಒಂದೇ ಉಸಿರಿಗೆ ಒದರಿದಳು. ಕೇಳುತ್ತ ಕೂತ ಮಹಾದೇವಿಗೆ ಹಳೆಯ ಹೊಟ್ಟೆಕಿಚ್ಚು ಮತ್ತೆ ಕಚ್ಚಿತು. ಅದೇನೂ ಆರಿರಲಿಲ್ಲ. ಈ ಸಲ ಅದು ಮಾಯಾಳ ಮೇಲಲ್ಲ, ಮಗಳ ಮೇಲೆ. ಈ ಹುಡುಗಿಗೂ ಕೇಳುವ ಅವ್ವ ಸಿಕ್ಕಿದ್ದಳು.

ಓದುವವರೇ, ನಿಮ್ಮ ಮಗು, ಗಂಡಾಗಲಿ ಹೆಣ್ಣಾಗಲಿ, ಒಂದು ಮನೆಗೆ ಒಲ್ಲೆ ಅಂದರೆ, ಒಬ್ಬರನ್ನು ಕಂಡು ಹಿಂದೆ ಸರಿದರೆ, ಕೈ ಎತ್ತಬೇಡಿ. ಕೇಳಿ, ನಂಬಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. ನಿಮಗೇ ಚಿಕ್ಕಂದಿನಲ್ಲಿ ಇಂಥದ್ದಾಗಿದ್ದರೆ, ಆಗಲೂ ತಪ್ಪು ನಿಮ್ಮದಾಗಿರಲಿಲ್ಲ. ಮಗು ಮಾತಾಡಲು ಬಂದು ನಿಂತಾಗ ಕೈಯಲ್ಲಿನ ಕೆಲಸ ಬಿಡಿ. ರೊಟ್ಟಿ ಸುಟ್ಟರೆ ಸುಡಲಿ.