ಉಪ್ಪುನೀರಿನ ಇಲಿ

ನನ್ನ ಗೈಡ್ ಬದರೀನಾಥರಿಗೆ ಎದುರಾಡಿದವರು ಹೆಬ್ಬಾಳದ ಆ ಲ್ಯಾಬಿನಲ್ಲಿ ಉಳಿದದ್ದಿಲ್ಲ. ಐದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆರ್.ಟಿ. ನಗರದ ನಮ್ಮ ಬೀದಿಯಲ್ಲೆಲ್ಲ ಬಾಯಿಬಡುಕಿ ಎಂದು ಹೆಸರಾದವಳಿಗೆ ಅದೆಂಥ ಶಿಕ್ಷೆ ಅಂತ ನಿಮಗೇನು ಗೊತ್ತು.

೧೯೮೮ರ ಡಿಸೆಂಬರ್. ನನ್ನ ಪಿಎಚ್.ಡಿ.ಗೆ ಪರೀಕ್ಷಕರಾಗಿ ಪ್ರೊಫೆಸರ್ ಸುಬ್ರಹ್ಮಣ್ಯ ಮೈಸೂರಿನಿಂದ ಬಂದಿದ್ದರು. ಪ್ರಯೋಗವನ್ನು ಕಣ್ಣಾರೆ ನೋಡದೆ ಸಹಿ ಹಾಕುವುದಿಲ್ಲ ಅಂತ ಅವರ ಹಟ.

ಪ್ರಯೋಗ ಇಷ್ಟೇ. ಪೆಟ್ಟಿಗೆಯ ಅರ್ಧ ಕತ್ತಲು, ಅರ್ಧ ಬೆಳಕು. ಹೆದರಿದಾಗ ಮಿದುಳಿನಲ್ಲಿ ಹುಟ್ಟುವ ಒಂದು ಪೆಪ್ಟೈಡನ್ನು ಇಲಿಯ ಮಿದುಳಿಗೇ ಕೊಟ್ಟರೆ ಅದು ಕತ್ತಲಲ್ಲಿ ಮುದುರಿ ಕೂರುತ್ತದೆ. ಜೊತೆಗೆ, ಅಡ್ರಿನಲಿನ್ ಬಂದು ಕೂರುವ ಗ್ರಾಹಕಗಳನ್ನು ಮುಚ್ಚಿಬಿಡುವ ಔಷಧವನ್ನೂ ಕೊಟ್ಟರೆ ಧೈರ್ಯವಾಗಿ ಬೆಳಕಿಗೆ ಬರುತ್ತದೆ. ಹೋಲಿಕೆಗೆಂದು ಬರೀ ಉಪ್ಪುನೀರು ಪಡೆದ ಇಲಿಯಂತೂ ಯಾವ ಭಯವೂ ಇಲ್ಲದೆ ಆರಾಮಾಗಿ ಓಡಾಡಬೇಕು.

ಓಡಾಡಲಿಲ್ಲ. ಸುಬ್ರಹ್ಮಣ್ಯರು ಪೆಟ್ಟಿಗೆಯ ಅಂಚಿಗೆ ಮೊಣಕೈ ಊರಿ ಬಗ್ಗಿ ನೋಡುತ್ತಿದ್ದಂತೆ ಉಪ್ಪುನೀರಿನ ಇಲಿಗಳೂ ಒಂದೊಂದಾಗಿ ಕತ್ತಲು ಸೇರಿದವು.

“ಏನಮ್ಮ ಪಂಕಜಾ, ಉಪ್ಪುನೀರಿಗೇ ಹಿಂಗೆ ಹೆದರ್ತವಲ್ಲ. ಇನ್ನು ನಿನ್ನ ಪೆಪ್ಟೈಡ್ ಮಾಡಿದ್ದೇನು?” ಎಂದು ಅವರು ಪೆನ್ನಿನ ಕ್ಯಾಪು ಮುಚ್ಚಿದರು.

ಐದು ವರ್ಷ ನೀರುಪಾಲು. ಬದರೀನಾಥರ ಮುಖ ನೋಡಿದರೆ ನನ್ನನ್ನೇ ಪೆಟ್ಟಿಗೆಗೆ ಹಾಕುವ ಹಾಗಿತ್ತು.

ಕೊನೆಗೆ ಔಷಧದ ಇಲಿಯನ್ನು ಬಿಟ್ಟೆ. ಅದು ನೆಟ್ಟಗೆ ಬೆಳಕಿಗೆ ಬಂದು ಪ್ರೊಫೆಸರರ ತೋಳಿನ ಕೆಳಗೇ ನಿಂತು ಮೀಸೆ ಆಡಿಸಿತು. ಆ ಕಂದು ಸ್ವೆಟರಿನ ತೋಳಿಗೆಲ್ಲ ಸಣ್ಣ ಬಿಳಿ ಕೂದಲು ಅಂಟಿಕೊಂಡಿತ್ತು.

“ಸರ್, ನಿಮ್ಮ ಮನೇಲಿ…”

“ಪಂಕಜಾ, ಸುಮ್ನಿರಮ್ಮ,” ಬದರೀನಾಥರು ಗದರಿದರು.

ನಾನು ಅವರ ಕಡೆ ತಿರುಗಿದೆ.

“ಸುಮ್ನಿರೋಕಾಗಲ್ಲ ಸರ್. ಇವರ ಮನೇಲಿ ಬೆಕ್ಕಿದ್ಯಾ ಅಂತ ಕೇಳ್ಬೇಕು.”

ಸುಬ್ರಹ್ಮಣ್ಯರು ತೋಳು ನೋಡಿಕೊಂಡರು.

“ಎರಡಿವೆ. ಈ ಸ್ವೆಟರ್ ಮೇಲೇ ಮಲಗ್ತವೆ ಕಣಮ್ಮ.”

ಎದ್ದು ಹೊರಗೆ ಹೋಗಿ ಕಿಟಕಿಯಾಚೆ ನಿಂತರು.

ಬೇರೆ ಪೆಟ್ಟಿಗೆ, ಬೇರೆ ಇಲಿ, ಅದೇ ಉಪ್ಪುನೀರು. ಅದು ಮೂತಿ ಹೊರಹಾಕಿ ಹಿಂದೆ ಸರಿಯಿತು. ಬಾರೇ ನನ್ನಮ್ಮ, ಎಂದು ಮನಸ್ಸಿನಲ್ಲೇ ಗೋಗರೆದೆ. ಮತ್ತೆ ಬಂತು. ಬೆಳಕಿನ ನಟ್ಟನಡುವೆ ಕೂತು ಮುಖ ಉಜ್ಜಿಕೊಂಡಿತು. ಕಿಟಕಿಯಾಚೆ ಸುಬ್ರಹ್ಮಣ್ಯರು ಪೆನ್ನಿನ ಕ್ಯಾಪು ತೆಗೆದರು.

ಅವರು ಹೋದ ಮೇಲೆ ಬದರೀನಾಥರು ನನ್ನ ಹತ್ತಿರ ಬಂದರು.

“ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮ? ನೀನೂ ಆ ಔಷಧ ನುಂಗಿದ್ಯಾ?”

“ಇಲ್ಲ ಸರ್. ಬರೀ ಉಪ್ಪುನೀರು,” ಎಂದು ಕಣ್ಣೊರೆಸಿಕೊಂಡೆ.