ಒಂದೇ ಅಡುಗೆ, ಮೂರು ತಟ್ಟೆ

ಹಿಂದೂರಾವ್ ಇಂಗವಲೆ ವಸ್ತಾದರ ತಾಲೀಮಿನಲ್ಲಿ, ಅಂದರೆ ಅವರ ಕುಸ್ತಿಯ ಗರಡಿಯಲ್ಲಿ, ಊಟದ ವಿಚಾರಕ್ಕೆ ಎರಡು ಮಾತಿರಲಿಲ್ಲ. ಕೊಲ್ಹಾಪುರದ ಕಡೆ, ಪಂಚಗಂಗಾ ನದಿಯ ದಂಡೆಯ ಆ ಊರಿನಲ್ಲಿ ಅವರು ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸಲು ಶುರುಮಾಡಿದಾಗ ಜನ ನಕ್ಕಿದ್ದರು. ಆಮೇಲೆ ನಕ್ಕವರೇ ತಮ್ಮ ಮಕ್ಕಳನ್ನು ಕೈಹಿಡಿದು ತಂದು ಬಿಟ್ಟರು. ಹುಡುಗಿಯರ ಊಟ, ನಿದ್ದೆ ಎಲ್ಲ ತಾಲೀಮಿನಲ್ಲೇ. ಬೆಳಗಿನ ಸಾಮು ಮುಗಿದ ಕೂಡಲೇ ಎಮ್ಮೆಯ ಹಾಲು, ಅರೆದ ಬಾದಾಮಿ. ಮಧ್ಯಾಹ್ನ ಜೋಳದ ರೊಟ್ಟಿ, ಮೊಳಕೆ ಕಾಳು, ತತ್ತಿ. ಬುಧವಾರ, ಭಾನುವಾರ ಮಟನ್ ರಸ್ಸಾ. ತೂಕ ಏರಬೇಕಾದವಳಿಗೆ ಇದೇ ಊಟ ಹೆಚ್ಚು, ಇಳಿಯಬೇಕಾದವಳಿಗೆ ಇದೇ ಊಟ ಕಡಿಮೆ, ಅಷ್ಟೇ.

"ನನ್ನ ವಸ್ತಾದ ನನಗ ಹಿಂಗ ತಿನ್ನಿಸಿದ. ಅವನ ವಸ್ತಾದ ಅವನಿಗೆ ಹಿಂಗ ತಿನ್ನಿಸಿದ್ದ. ಅಖಾಡದ ಮಣ್ಣಿಗೆ ಜಾತಿ ಇಲ್ಲ, ಹೊಟ್ಟಿಗೂ ಇಲ್ಲ" ಎನ್ನುತ್ತಿದ್ದರು ಹಿಂದೂರಾವ್.

ಆ ವರ್ಷ ಜಿಲ್ಲಾ ಆಯ್ಕೆಗೆ ಇನ್ನೂ ಮೂರು ತಿಂಗಳಿತ್ತು. ತಾಲೀಮಿನಲ್ಲಿ ಭರವಸೆಯ ಹುಡುಗಿಯರು ಇಬ್ಬರು. ಋತುಜಾ ಪಕ್ಕದ ಊರಿನ ಕಬ್ಬಿನ ಗದ್ದೆಯವರ ಮಗಳು, ಬಾಯಿ ಬಿಟ್ಟರೆ ಪಟಾಕಿ. ಮಯೂರಿ ಕೊಂಕಣ ಕರಾವಳಿಯ ಮಾಲವಣ ಕಡೆಯವಳು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಲಾರಿ ಓಡಿಸಲು ಬಂದು ಇಲ್ಲೇ ನಿಂತಿದ್ದ. ಅವಳು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವವಳು. ಇಬ್ಬರೂ ಒಂದೇ ಎತ್ತರ, ಒಂದೇ ವಯಸ್ಸು, ತೂಕವೂ ಐವತ್ತಾರು ಕಿಲೋದ ಆಸುಪಾಸು. ಇಬ್ಬರನ್ನೂ ಐವತ್ಮೂರು ಕಿಲೋದ ವರ್ಗಕ್ಕೆ ಇಳಿಸಿ, ಅವರಿಬ್ಬರ ನಡುವೆಯೇ ಕುಸ್ತಿ ಹಚ್ಚಿ, ಗೆದ್ದವಳನ್ನು ಆಯ್ಕೆಗೆ ಕಳಿಸುವುದು ವಸ್ತಾದರ ಲೆಕ್ಕಾಚಾರ. ರೊಟ್ಟಿ ಅರ್ಧವಾಯಿತು, ಅನ್ನ ನಿಂತಿತು. ಹಾಲು ಮಾತ್ರ ನಿಲ್ಲಲಿಲ್ಲ. ಹಾಲಿಲ್ಲದ ಪೈಲವಾನರನ್ನು ಹಿಂದೂರಾವ್ ಕಂಡಿರಲಿಲ್ಲ.

ಋತುಜಾ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿದಳು. ಮಯೂರಿಯ ಮುಖ ಸಣ್ಣಗಾಯಿತೇ ಹೊರತು ತಕ್ಕಡಿಯ ಮುಳ್ಳು ಜಗ್ಗಲಿಲ್ಲ. ಒಂದು ಸೋಮವಾರವಂತೂ ಮುಳ್ಳು ಒಂದು ಕೂದಲೆಳೆ ಮೇಲೆಯೇ ನಿಂತಿತು.

"ಹೊರಗ ಏನರ ತಿಂತಿಯೇನು?"

"ಇಲ್ರಿ ವಸ್ತಾದ್."

"ಮತ್ತ ತೂಕ ಎಲ್ಲಿಂದ ಬರ್ತೈತಿ? ಗಾಳಿ ಕುಡದ ಬರ್ತೈತೇನು?"

ಋತುಜಾ ಹಿಂದಿನಿಂದ ಬಾಯಿ ಹಾಕಿದಳು. "ವಸ್ತಾದ್, ಅಕಿ ಕನಸಿನ್ಯಾಗ ಮೀನ ತಿಂತಾಳ್ರಿ. ನಾ ಬಾಜೂಕ ಮಲಗ್ತೀನಿ, ಮುಳ್ಳ ಉಗುಳೋ ಸಪ್ಪಳ ಕೇಳಸ್ತೈತಿ."

ಹುಡುಗಿಯರೆಲ್ಲ ನಕ್ಕರು. ಹಿಂದೂರಾವ್ ನಗಲಿಲ್ಲ. ಮಯೂರಿಯ ತಗಡಿನ ಪೆಟ್ಟಿಗೆ ತೆರೆಸಿದರು. ಬಟ್ಟೆಯ ಕೆಳಗೆ ಅವಳ ತಾಯಿ ಕಳಿಸಿದ ಒಣ ಸಿಗಡಿಯ ಪೊಟ್ಟಣವೊಂದಿತ್ತು. ಅದರ ಬಾಯಿಗೆ ಹೊಲಿದ ದಾರ ಹಾಗೆಯೇ ಇತ್ತು. ಇಷ್ಟು ಹಸಿದ ಹುಡುಗಿ ಇದನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡು ಮುಟ್ಟಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಚುಚ್ಚಿತು. ಆದರೆ ವಸ್ತಾದನಾದವನು ಎಲ್ಲರ ಮುಂದೆ ತಪ್ಪಾಯಿತು ಅನ್ನುವುದು ಹೇಗೆ? "ಹಾಸಿಗಿ ತಗೊಂಡು ನಮ್ಮ ಮನಿಗೆ ನಡಿ. ಇವತ್ತಿನಿಂದ ನಮ್ಮ ಕಾಕು ನಿನಗ ಬಡಸ್ತಾಳ" ಎಂದರು.

ಕಾಕು ಎಂದರೆ ಅವರ ಹೆಂಡತಿ ಶಾಲನಬಾಯಿ. ಗಂಡ ಹೇಳಿದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಹುಡುಗಿ ಕೊಟ್ಟದ್ದನ್ನು ತಿಂದಳು, ಕೊಡದ್ದನ್ನು ಕೇಳಲಿಲ್ಲ. ತೂಕ ಮಾತ್ರ ಇದ್ದಲ್ಲೇ ಇತ್ತು. ಕೊನೆಗೊಂದು ದಿನ ಶಾಲನಬಾಯಿ ಕಡ್ಡಿ ಮುರಿದಂತೆ ಹೇಳಿದರು: "ಈ ಪೋರಿ ಕದಿಯೂದಿಲ್ಲ. ಕದಿಯೋರ ಕಣ್ಣ ಬ್ಯಾರೆ ಇರ್ತಾವ. ನೀವು ಬ್ಯಾರೆ ಏನರ ವಿಚಾರ ಮಾಡ್ರಿ."

ಹಿಂದೂರಾವ್ ವಿಚಾರ ಮಾಡತೊಡಗಿದರು. ಅದೇ ಅವರಿಗೆ ಹೊಸದು. ಹಿಡಿತ, ಪಟ್ಟು, ಎದುರಾಳಿಯ ಕಾಲಿನ ಚಲನೆಯ ಬಗ್ಗೆ ಅವರು ಆಯುಷ್ಯವಿಡೀ ತಲೆ ಕೆಡಿಸಿಕೊಂಡವರು. ಊಟದ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಆ ಮಧ್ಯಾಹ್ನ ಎದುರಿಗೆ ಕೂತು ಉಣ್ಣುತ್ತಿದ್ದ ಹೆಂಡತಿಯನ್ನು ಮೊದಲ ಸಲ ನೋಡುವವರಂತೆ ನೋಡಿದರು. ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ಎರಡು ದಪ್ಪ ರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಒಂದು ಸೌಟು ಎಣ್ಣೆ. ಎದುರಿಗೆ ತಾವು, ಕುಸ್ತಿ ಬಿಟ್ಟ ಮೇಲೆ ಬಂದ ಮಡಕೆಯಂಥ ಹೊಟ್ಟೆ, ಅದರ ಹಿಂದೆಯೇ ಬಂದ ಸಕ್ಕರೆ ಕಾಯಿಲೆ.

"ಅಲ್ಲ, ನೀನು ಇಷ್ಟ ತಿಂತಿ. ಅದು ಹೋಗೂದರ ಎಲ್ಲಿಗೆ?"

"ಕಟಗೊಂಡು ಇಷ್ಟ ವರ್ಷಾತು, ಇವತ್ತ ಕೇಳಿದ್ರಿ" ಎಂದು ಶಾಲನಬಾಯಿ ನಕ್ಕರು. "ನಮ್ಮವ್ವನೂ ಹಿಂಗ ಇದ್ದಳು. ತಿಂದಿದ್ದ ಕಾಣ್ತಿತ್ತು, ಹತ್ತಿದ್ದ ಕಾಣ್ತಿದ್ದಿಲ್ಲ."

"ಹಂಗಾದ್ರ ನೋಡೇ ಬಿಡೋಣು. ನಾಳಿಂದ ಒಲಿ ಒಂದ, ಗಡಿಗಿ ಒಂದ. ಮಯೂರಿಗೆ ಏನೋ ಅದ ನನಗ, ಅದ ನಿನಗ."

ಶಾಲನಬಾಯಿ ಎರಡು ದಿನ ಗಂಡನ ಹಟಕ್ಕೆ ತಲೆಬಾಗಿ ಮೂರನೆಯ ದಿನ ತಮ್ಮ ರೊಟ್ಟಿಗೆ ಮರಳಿದರು. "ಇದನ್ನ ತಿಂದ್ರ ನಾ ಗಾಳಿಗೆ ಹಾರಿ ಸಾಂಗಲಿ ಮುಟ್ತೀನಿ" ಎಂದರು. ಹಿಂದೂರಾವ್ ಬಿಡಲಿಲ್ಲ. ಹುಡುಗಿಯಷ್ಟೇ ಹಾಲು, ಹುಡುಗಿಯಷ್ಟೇ ಅರ್ಧ ರೊಟ್ಟಿ. ಊಟವಾದ ಮೇಲೆ ಜಗಲಿಯ ಮೇಲೆ ಕೂತು ಬೇಟೆಗಾರನಂತೆ ಗಮನಿಸುತ್ತಿದ್ದರು. ಶಾಲನಬಾಯಿ ಒಂದು ಗಳಿಗೆ ಕೂರುವವರಲ್ಲ: ಎಮ್ಮೆಯ ಹತ್ತಿರ ಹೋದರು, ಬಂದರು, ಮಾತಾಡುತ್ತಲೇ ಕಸ ಬಳಿದರು. ತಾಲೀಮಿನ ಅಂಗಳದಲ್ಲಿ ಋತುಜಾ ಯಾರದೋ ಜಡೆ ಎಳೆದು ಓಡಿದಳು. ಮಯೂರಿ ಬೆಳಗ್ಗೆ ಸಾಮಿನಲ್ಲಿ ಯಾರಿಗೂ ಕಡಿಮೆಯಿಲ್ಲದಂತೆ ಬೆವರು ಸುರಿಸಿದವಳು, ಆಮೇಲೆ ಗೋಡೆಗೆ ಆತುಕೊಂಡು ಕೂತರೆ ನೆರಳು ಸರಿದರೂ ಏಳುತ್ತಿರಲಿಲ್ಲ. ಇದನ್ನು ದಿನವೂ ಕಂಡಿದ್ದರು. ಸೋಮಾರಿತನ ಅಂದುಕೊಂಡಿದ್ದರು. ಈಗ ಅದೂ ಒಂದು ಪ್ರಶ್ನೆಯಾಯಿತು.

ಅವರ ಪಂಚೆ ಸಡಿಲವಾಗತೊಡಗಿತು. ಖುಷಿಯಾದರು. ಅದೇ ಖುಷಿಯಲ್ಲಿ ಒಂದು ಬೆಳಗ್ಗೆ ಹುಡುಗಿಯರಿಗೆ ಧಾಕ್ ಪಟ್ಟು ತೋರಿಸಲು ಅಖಾಡಕ್ಕೆ ಇಳಿದರು. ಮೈ ನಡುಗಿತು, ತಣ್ಣನೆ ಬೆವರು ಒಡೆಯಿತು, ಮೊಣಕಾಲು ಮಡಚಿ ಮಣ್ಣಿನ ಮೇಲೆ ಕೂತುಬಿಟ್ಟರು. ಹುಡುಗಿಯರು ಬೆಪ್ಪಾಗಿ ನಿಂತಾಗ ಮಯೂರಿಯೇ ಬಗ್ಗಿ ಅವರನ್ನು ಬೆನ್ನಿಗೇರಿಸಿಕೊಂಡು ಮನೆಗೆ ತಂದಳು. ಶಾಲನಬಾಯಿ ಬೆಲ್ಲದ ನೀರು ಕುಡಿಸಿದರು. ಕಣ್ಣು ತಿಳಿಯಾಯಿತು. ಹೊಸ್ತಿಲಲ್ಲಿ ಏದುಸಿರು ಬಿಡುತ್ತ ಕಂಬ ಹಿಡಿದು ನಿಂತಿದ್ದ ಹುಡುಗಿಯ ತುಟಿ ಬಿಳಿಚಿಕೊಂಡಿದ್ದು ಅವರಿಗೆ ಕಂಡಿತು.

ಆ ದಿನವೇ ಶಾಲನಬಾಯಿ ಗಂಡನನ್ನೂ ಹುಡುಗಿಯನ್ನೂ ಜೀಪಿಗೆ ಹತ್ತಿಸಿ ಕೊಲ್ಹಾಪುರದ ಡಾಕ್ಟರ್ ವೃಷಾಲಿ ಸಬನೀಸರ ದವಾಖಾನೆಗೆ ಕರೆದುಕೊಂಡು ಹೋದರು. ಹಿಂದೂರಾವರ ಸಕ್ಕರೆ ಕಾಯಿಲೆ ನೋಡಿಕೊಳ್ಳುತ್ತಿದ್ದವರು ಅವರೇ.

"ಊಟ ಅರ್ಧ ಮಾಡಿದ್ರಿ. ಗುಳಿಗಿ ಅರ್ಧ ಮಾಡಿದ್ರೇನು?" ಎಂದು ಕೇಳಿದರು ಡಾಕ್ಟರು.

"ಇಲ್ರಿ."

"ಸಕ್ಕರಿ ಪಾತಾಳಕ್ಕ ಇಳಿದಿತ್ತು. ಬೆಲ್ಲ ಕುಡಿಸಿದ್ದಕ್ಕ ಉಳದ್ರಿ. ಇಂಥಾ ಊಟ ಮಾಡಂತ ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ನೋಡಬೇಕಿತ್ತು."

"ಏನನ್ನ?"

"ಒಂದ ಅಡಗಿ ಮೂರ ಹೊಟ್ಟ್ಯಾಗ ಏನೇನ ಮಾಡತೈತಿ ಅಂತ."

ಬೈಯಲು ಸಿದ್ಧವಾಗಿದ್ದ ಡಾಕ್ಟರು ಕುರ್ಚಿಗೆ ಒರಗಿದರು. "ಮತ್ತ ಏನ ಕಂಡ್ರಿ?"

ಹಿಂದೂರಾವ್ ಕಂಡದ್ದನ್ನೆಲ್ಲ ಹೇಳಿದರು. ಹೆಂಡತಿಯ ರೊಟ್ಟಿ, ಋತುಜಾಳ ಓಡಾಟ, ಮಯೂರಿಯ ಗೋಡೆ, ಬಿಳಿಚಿದ ತುಟಿ. ಡಾಕ್ಟರು ಮಯೂರಿಯನ್ನು ಹತ್ತಿರ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಿರಬೇಕಾದ ಜಾಗ ಅರಳೆಯಂತಿತ್ತು. ರಕ್ತ ತೆಗೆಸಿದರು. ವರದಿ ಬರುವವರೆಗೆ ಕೂರಿಸಿಕೊಂಡು ಒಂದೊಂದೇ ಕೇಳಿದರು. ಹಾಲಿನ ಮಾತು ಬಂದಾಗ ಹುಡುಗಿ ನೆಲ ನೋಡಿದಳು.

"ನಾ ಹೇಳ್ತೀನಿ" ಎಂದರು ಶಾಲನಬಾಯಿ. "ಹಾಲ ಕುಡದ ಮ್ಯಾಲ ಇಕಿ ಹೊಟ್ಟ್ಯಾಗ ಬೀಸೋಕಲ್ಲ ತಿರುಗಿದಂಗ ಸಪ್ಪಳ ಬರ್ತೈತಿ. ಹಿತ್ತಲಕ್ಕ ಓಡತಾಳ."

"ಹೊಟ್ಟಿ ತಮಟಿ ಆಗತೈತ್ರಿ" ಎಂದಳು ಮಯೂರಿ ಮೆಲ್ಲಗೆ.

"ಮೊದಲ ಯಾಕ ಹೇಳಲಿಲ್ಲವಾ?" ಎಂದು ಕೇಳಿದರು ಹಿಂದೂರಾವ್.

"ತಾಲೀಮಿನ್ಯಾಗ ಹಾಲಿಗೆ ಒಲ್ಲೆ ಅನಬಾರದು ಅಂತ ನೀವ ಹೇಳಿದ್ರಿ."

ವರದಿ ಬಂತು. ಮೈಯಲ್ಲಿ ಇರಬೇಕಾದಷ್ಟು ರಕ್ತವಿರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಎಳೆಗೂಸಿಗೆ ಹಾಲು ಅರಗುತ್ತದೆ. ದೊಡ್ಡವರಾದ ಮೇಲೆ ಕೆಲವರ ಹೊಟ್ಟೆ ಆ ವಿದ್ಯೆಯನ್ನು ಮರೆಯುತ್ತದೆ, ಅದು ರೋಗವಲ್ಲ. ಅಂಥವರಲ್ಲಿ ಎಷ್ಟೋ ಜನಕ್ಕೆ ಮೊಸರು ನಡೆಯುತ್ತದೆ. ರಕ್ತ ಕಡಿಮೆಯಿರುವ ಹುಡುಗಿಗೆ ಊಟವನ್ನೂ ಕತ್ತರಿಸಿದರೆ ಅವಳು ಸಾಮಿಗೆಂದು ಇದ್ದ ಶಕ್ತಿಯೆಲ್ಲ ಸುರಿದು, ಉಳಿದ ಹೊತ್ತು ಮಿಸುಕದೆ ಕೂರುತ್ತಾಳೆ. ಮೈ ಜಿಪುಣವಾಗುತ್ತದೆ.

"ಹಂಗಾದ್ರ ಋತುಜಾನ ಮೈ ಯಾಕ ಜಿಪುಣ ಆಗಲಿಲ್ರಿ? ಅಕಿಗೂ ಅದ ಅರ್ಧ ರೊಟ್ಟಿ."

"ಅಕಿ ರಕ್ತ ಚಲೋ ಇರಬೇಕು, ಹಾಲ ಅರಗತಿರಬೇಕು. ಅಷ್ಟ ಹೇಳಬಲ್ಲೆ. ಉಳದದ್ದು ನನಗೂ ಪೂರಾ ಗೊತ್ತಿಲ್ರಿ. ಹುಟ್ಟಿನಿಂದ ಬಂದದ್ದು ಸ್ವಲ್ಪ, ಬೆಳೆದ ಊಟದ್ದು ಸ್ವಲ್ಪ, ನಿದ್ದಿ, ಚಿಂತಿ. ಒಬ್ಬೊಬ್ಬರನ್ನ ಕೇಳಿ, ನೋಡಿ, ತಿದ್ದಬೇಕು. ಅದಿರಲಿ, ಇಕಿ ಐವತ್ಮೂರಕ್ಕ ಯಾಕ ಇಳೀಬೇಕು?"

ಹಿಂದೂರಾವರ ಕಾಲದಲ್ಲಿ ಎಲ್ಲರೂ ತೂಕದಲ್ಲಿ ಒಂದು ಮೆಟ್ಟಿಲು ಕೆಳಗಿಳಿದೇ ಆಡುತ್ತಿದ್ದರು. ಅದರಾಚೆಗೆ ಅವರಿಗೆ ಕಾರಣ ಹೊಳೆಯಲಿಲ್ಲ.

ಆಮೇಲಿನ ವಾರಗಳಲ್ಲಿ ಇಂಗವಲೆಯವರ ಅಡುಗೆಮನೆ ಸಣ್ಣ ಪ್ರಯೋಗಶಾಲೆಯೇ ಆಯಿತು. ಮಯೂರಿಗೆ ಹಾಲಿನ ಬದಲು ಮೊಸರು, ಡಾಕ್ಟರು ಕೊಟ್ಟ ಗುಳಿಗೆ, ಹರಿವೆ ಸೊಪ್ಪು, ಭಾನುವಾರ ಕುರಿಯ ಈಲಿ, ಅಂದರೆ ಲಿವರ್. ಅವಳ ತಾಯಿಯನ್ನು ಕರೆಸಿ ಮನೆಯಲ್ಲಿ ಏನು ಉಂಡು ಬೆಳೆದಳೆಂದು ಕೇಳಿದರು. ಅನ್ನ, ಮೀನಿನ ಸಾರು, ಕೋಕಂ ಹಾಕಿದ ನೀರು. ನಿಲ್ಲಿಸಿದ್ದ ಅನ್ನ ತಿರುಗಿ ಬಂತು. ಒಣ ಸಿಗಡಿಯ ದಾರ ಬಿಚ್ಚಿ ಹುರಿದಾಗ, ಶಾಲನಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಒಂದು ಚೂರು ರುಚಿ ನೋಡಿ, ಇನ್ನೊಂದು ಕೇಳಿದರು. ಹಿಂದೂರಾವ್ ದಿನವೂ ಹುಡುಗಿಯನ್ನು ಪೀಡಿಸುತ್ತಿದ್ದರು: ಹಸಿವಾಯಿತೇ, ಹೊಟ್ಟೆ ಹಗುರವೇ, ನಿದ್ದೆ ಬಂತೇ?

"ವಸ್ತಾದ್, ನನಗ ನಾಚಿಕಿ ಬರ್ತೈತ್ರಿ."

"ಬರಲಿ. ಪೆಟ್ಟಿಗಿ ಬಿಚ್ಚಿಸಿದಾಗ ನಾಚಿಕಿ ನನಗ ಬರಬೇಕಿತ್ತು, ಬರಲಿಲ್ಲ. ತಪ್ಪ ನಂದು. ಈಗ ಹೇಳು."

ಹಿಂದೂರಾವರಿಗೆ ಡಾಕ್ಟರು ಕೊಟ್ಟ ತಟ್ಟೆ ಬೇರೆಯೇ ಆಗಿತ್ತು: ಸ್ವಲ್ಪ ಸ್ವಲ್ಪ, ಹೊತ್ತಿಗೆ ಸರಿಯಾಗಿ, ಗುಳಿಗೆ ಬದಲಿಸಿ. ಶಾಲನಬಾಯಿಯ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ.

ಮಯೂರಿಯ ತೂಕ ಮೊದಲು ಏರಿತು. ಆದರೂ ಹಿಂದೂರಾವ್ ಅವಳ ತಟ್ಟೆಗೆ ಕತ್ತರಿ ಹಾಕಲಿಲ್ಲ. ಆಮೇಲೆ ಹೊಟ್ಟೆಯ ಉಬ್ಬರ ಇಳಿಯಿತು, ಸೊಂಟ ಸಣ್ಣಗಾಯಿತು, ಭುಜ ತುಂಬಿತು. ತಕ್ಕಡಿಯಲ್ಲಿ ಐವತ್ತೈದೂವರೆಗೆ ಬಂದು ನಿಂತವಳು ಅಲ್ಲಿಂದ ಕದಲಲಿಲ್ಲ. ಆದರೆ ಮಧ್ಯಾಹ್ನ ಗೋಡೆಗೆ ಆತು ಕೂರುವುದು ನಿಂತಿತು. ಒಂದು ದಿನ ಋತುಜಾ ಜಡೆ ಎಳೆದಾಗ ಅಂಗಳದ ತುಂಬ ಅಟ್ಟಿಸಿಕೊಂಡು ಹೋಗಿ ಹಿಡಿದು, ಅಲ್ಲೇ ಧಾಕ್ ಹಾಕಿ ಕೆಡವಿದಳು.

"ಮೀನ ತಿಂದು ಇಕಿಗೆ ಸೊಕ್ಕ ಬಂದೈತ್ರಿ" ಎಂದು ಋತುಜಾ ನೆಲದ ಮೇಲಿಂದಲೇ ದೂರಿದಳು.

ಇಬ್ಬರ ನಡುವಿನ ಕುಸ್ತಿ ನಡೆಯಲೇ ಇಲ್ಲ. ಜಿಲ್ಲಾ ಆಯ್ಕೆಗೆ ಋತುಜಾ ಐವತ್ಮೂರರ ವರ್ಗದಲ್ಲಿ ಹೋದಳು, ಗೆದ್ದಳು. ಮಯೂರಿಯನ್ನು ಹಿಂದೂರಾವ್ ಮೇಲಿನ ಐವತ್ತೇಳರ ವರ್ಗದಲ್ಲಿ ಕಣಕ್ಕಿಳಿಸಿದರು. ಅವಳು ಕೊನೆಯ ಕುಸ್ತಿಯವರೆಗೆ ಹೋಗಿ, ಅಲ್ಲಿ ತನಗಿಂತ ಅನುಭವಿಯಾದ ಹುಡುಗಿಗೆ ಒಂದೇ ಅಂಕದಲ್ಲಿ ಸೋತಳು. ಸೋತು ಕೆಳಗಿಳಿದಾಗ ಅಳಲಿಲ್ಲ, ಏದುಸಿರೂ ಬಿಡಲಿಲ್ಲ. "ಇನ್ನೊಂದು ಗಳಿಗಿ ಇದ್ದಿದ್ರ ಕೆಡವತಿದ್ದೆ ವಸ್ತಾದ್" ಎಂದಳು. ಅಷ್ಟು ಉದ್ದದ ಮಾತನ್ನು ಅವಳು ತಾನಾಗಿ ಆಡಿದ್ದು ಅದೇ ಮೊದಲು.

ಹಬ್ಬಗಳು ಮುಗಿದ ಮೇಲೆ ಶಿರೋಳ ಕಡೆಯ ಜೈನ ರೈತನೊಬ್ಬ ಮಗಳನ್ನು ಕರೆದುಕೊಂಡು ಬಂದ. ಹೆಸರು ಪದ್ಮಜಾ. ಗಟ್ಟಿ ಮಣಿಕಟ್ಟಿನ ಹುಡುಗಿ. ಅಪ್ಪ ಮಾತಿಗೆ ಮೊದಲೇ ಅಳುಕಿದ.

"ತತ್ತಿ ಮುಟ್ಟೂದಿಲ್ರಿ ನಮ್ಮ ಹುಡುಗಿ. ಉಳ್ಳಾಗಡ್ಡಿ, ಬಳ್ಳೊಳ್ಳಿನೂ ಇಲ್ಲ. ಹೊತ್ತ ಮುಳುಗಿದ ಮ್ಯಾಲ ಊಟ ಇಲ್ಲ. ಮೂರ ತಾಲೀಮಿನ್ಯಾಗ ಆಗೂದಿಲ್ಲ ಅಂದ್ರು."

ಹಿಂದಿನ ವರ್ಷವಾಗಿದ್ದರೆ ಹಿಂದೂರಾವ್ ನಾಲ್ಕನೆಯವರಾಗುತ್ತಿದ್ದರು. ಈಗ ಜಗಲಿಗೆ ಚಾಪೆ ಹಾಸಿಸಿ, ಹುಡುಗಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಮುಂಜಾನೆ ಎದ್ದ ಕೂಡ್ಲೆ ನಿಮ್ಮ ಮನ್ಯಾಗ ಏನ ತಿಂತಾರ, ಅಲ್ಲಿಂದ ಹೇಳವಾ" ಎಂದರು. "ಗಡಿಬಿಡಿ ಇಲ್ಲ. ಒಂದೊಂದ ಹೇಳು."